ನೆಟ್‌ವರ್ಕ್ ಕರ್ನಲ್ ಪರೀಕ್ಷೆಗೆ ಜನ ಬೇಕೆಂದರೆ ಏನೇನು ಬೇಕು?

ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನ ಸೌಂಡ್ ಡ್ರೈವರ್ ಕೆಟ್ಟರೆ ಸದ್ದು ನಿಲ್ಲುತ್ತದೆ. ಪರೀಕ್ಷೆ ಮಾಡುತ್ತಿದ್ದವರು ‘ಸದ್ದು ಬರ್ತಿಲ್ಲ’ ಎಂದು ಒಂದು ಮೇಲ್ ಹಾಕುತ್ತಾರೆ, ಅಷ್ಟೇ. ನೆಟ್‌ವರ್ಕ್ ಕೋಡ್ ಕೆಟ್ಟರೆ ಆ ಮೇಲ್ ಹೋಗುವ ದಾರಿಯೇ ಮುಚ್ಚಿರುತ್ತದೆ. ಕೆಟ್ಟಿರುವುದು ಮನೆಯ ರೂಟರ್ ಆದರಂತೂ ಪಕ್ಕದ ಕೋಣೆಯಲ್ಲಿ ಮೀಟಿಂಗಿನಲ್ಲಿದ್ದವರೂ ಎದ್ದು ಬರುತ್ತಾರೆ. ಆಪರೇಟಿಂಗ್ ಸಿಸ್ಟಮ್ಮಿನ ಪ್ರಾಯೋಗಿಕ ನೆಟ್‌ವರ್ಕ್ ಕೋಡಿಗೆ ಪರೀಕ್ಷಕರು ಸಿಗುವುದು ಕಷ್ಟವಾಗುವುದು ಇದರಿಂದಲೇ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಪುಣೆಯಲ್ಲೋ ಠಾಣೆಯಲ್ಲೋ ಕೂತ ಡೆವಲಪರ್ ಒಬ್ಬರು ಗೆಳೆಯರ ಗ್ರೂಪಿಗೆ ‘ಹೊಸ ಟಿಸಿಪಿ ಪ್ಯಾಚ್ ಇದೆ, ಯಾರಾದ್ರೂ ಟೆಸ್ಟ್ ಮಾಡ್ತೀರಾ?’ ಎಂದು ಹಾಕುತ್ತಾರೆ. ಟಿಸಿಪಿ ಎಂದರೆ ಎರಡು ಯಂತ್ರಗಳ ನಡುವೆ ಡೇಟಾ ಕ್ರಮ ತಪ್ಪದೆ ಮುಟ್ಟಿಸುವ ನಿಯಮ, ಪ್ಯಾಚ್ ಎಂದರೆ ಕೋಡಿಗೆ ಮಾಡಿದ ತಿದ್ದುಪಡಿ. ಹತ್ತು ಹೆಬ್ಬೆರಳು ಬರುತ್ತವೆ, ವರದಿ ಒಂದೂ ಬರುವುದಿಲ್ಲ. ಜನ ಸೋಮಾರಿಗಳೆಂದು ಬೈದುಕೊಳ್ಳುವುದು ಸುಲಭ. ಆದರೆ ಆ ಪ್ರಶ್ನೆಯಲ್ಲಿ ಯಾವ ಯಂತ್ರ ಬೇಕು, ಎಷ್ಟು ಹೊತ್ತು ಬೇಕು, ಏನು ಕೆಡಬಹುದು, ಕೆಟ್ಟರೆ ಹಿಂದಕ್ಕೆ ಬರುವುದು ಹೇಗೆ ಎಂಬ ನಾಲ್ಕರಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಹೆಬ್ಬೆರಳಿಗಿಂತ ಹೆಚ್ಚಿನದನ್ನು ಅದು ಕೇಳಿಯೇ ಇರಲಿಲ್ಲ.

ಮೊದಲು ಮೇಜಿನ ಮೇಲೆ ಮುಗಿಸಬೇಕಾದದ್ದು

ಯಾರದೋ ಮನೆಯ ಯಂತ್ರಕ್ಕೆ ಕೈಹಾಕುವ ಮುಂಚೆ ಒಂದೇ ಲ್ಯಾಪ್‌ಟಾಪಿನಲ್ಲಿ ಆಗುವ ಪರೀಕ್ಷೆ ಬಹಳಷ್ಟಿದೆ. ಲಿನಕ್ಸಿನಲ್ಲಿ ನೆಟ್‌ವರ್ಕ್ ನೇಮ್‌ಸ್ಪೇಸ್ ಎಂಬ ಎರಡು ಪ್ರತ್ಯೇಕ ಜಾಲ ಮಾಡಿ, ನಡುವೆ ವೀಥ್ ಜೋಡಿ ಎಂಬ ಹುಸಿ ತಂತಿ ಹಾಕಿ, ಅದರ ಮೇಲೆ ಜಾಲವನ್ನು ಬೇಕೆಂದೇ ಕೆಡಿಸುವ ನೆಟ್‌ಎಮ್ ಕೂರಿಸಿದರೆ 60 ಮಿಲಿಸೆಕೆಂಡ್ ವಿಳಂಬ, ಅರ್ಧ ಶೇಕಡಾ ಪ್ಯಾಕೆಟ್ ನಷ್ಟ ಎಲ್ಲವನ್ನೂ ಮನೆಯಲ್ಲೇ ತರಿಸಬಹುದು. ಕರ್ನಲ್ ಜೊತೆಗೇ ಬರುವ ನೆಟ್‌ವರ್ಕ್ ಸೆಲ್ಫ್‌ಟೆಸ್ಟ್‌ಗಳಿವೆ. ಟಿಸಿಪಿಗೆ ಇಂಥ ಪ್ಯಾಕೆಟ್ ಕೊಟ್ಟರೆ ಇಂಥದೇ ಉತ್ತರ ಬರಬೇಕು ಎಂದು ಬರೆದು ನೋಡಲು ಪ್ಯಾಕೆಟ್‌ಡ್ರಿಲ್ ಇದೆ. ಅಡ್ಡಾದಿಡ್ಡಿ ಸಿಸ್ಟಮ್ ಕಾಲ್‌ಗಳಿಂದ, ಅಂದರೆ ಪ್ರೋಗ್ರಾಮುಗಳು ಕರ್ನಲ್ಲಿಗೆ ಮಾಡುವ ಕೋರಿಕೆಗಳಿಂದ, ಅದನ್ನು ಬಡಿಯಲು ಸಿಜ್‌ಕಾಲರ್ ಇದೆ. ಮೆಮೊರಿ ತಪ್ಪು ಹಿಡಿಯುವ ಕೇಸನ್, ಲಾಕ್ ತಪ್ಪು ಹಿಡಿಯುವ ಲಾಕ್‌ಡೆಪ್ ಆನ್ ಮಾಡಿದ ಕರ್ನಲ್ಲಿನಲ್ಲಿ ಒಂದು ರಾತ್ರಿ ಇವನ್ನೆಲ್ಲ ಓಡಿಸಿ, ಲಾಗ್‌ನಲ್ಲಿ ಒಂದೇ ಒಂದು ಎಚ್ಚರಿಕೆ ಬಂದರೂ ಪರೀಕ್ಷಕರನ್ನು ಕರೆಯಬಾರದು. ನೀವೇ ಹಿಡಿಯಬಹುದಾಗಿದ್ದ ತಪ್ಪಿಗೆ ಒಬ್ಬರ ಭಾನುವಾರ ಹಾಳಾದರೆ ಅವರು ಮತ್ತೆ ಬರುವುದಿಲ್ಲ.

ಕರ್ನಲ್ ಬರೆಯುವವರು ಕೆಲವು ತಪ್ಪುಗಳನ್ನು ಬೇಗ ಹೊರಗೆಡವಲು ತಾವೇ ಬಲೆ ಹಾಕಿಟ್ಟಿದ್ದಾರೆ. ಸಮಯ ಅಳೆಯಲು ಲಿನಕ್ಸ್ ಇಟ್ಟುಕೊಂಡಿರುವ ಜಿಫೀಸ್ ಎಣಿಕೆ ಸೊನ್ನೆಯಿಂದ ಶುರುವಾಗುವುದಿಲ್ಲ. 32 ಬಿಟ್ ಎಣಿಕೆ ತುಂಬಿ ಸೊನ್ನೆಗೆ ಮರಳಲು 5 ನಿಮಿಷ ಬಾಕಿ ಇರುವಲ್ಲಿಂದ ಶುರುವಾಗುತ್ತದೆ. ಸೆಕೆಂಡಿಗೆ 1000 ಸಲ ಎಣಿಸುವ ಯಂತ್ರದಲ್ಲಿ ಹೀಗೆ ಮಾಡದಿದ್ದರೆ ಆ ಮರಳುವಿಕೆ ಸುಮಾರು 49.7 ದಿನಕ್ಕೆ ಬರುತ್ತಿತ್ತು. ಈಗ ಬೂಟ್ ಆದ ಐದೇ ನಿಮಿಷಕ್ಕೆ ಬರುತ್ತದೆ. ಟೈಮರ್ ಲೆಕ್ಕ ತಪ್ಪಿದ್ದರೆ ಚಹಾ ಆರುವುದರೊಳಗೆ ಗೊತ್ತಾಗುತ್ತದೆ.

ಕಳಿಸಿದ ಬೈಟುಗಳನ್ನು ಎಣಿಸುವ ಟಿಸಿಪಿ ಸೀಕ್ವೆನ್ಸ್ ಸಂಖ್ಯೆಗೆ ಇಂಥ ಉಪಕಾರ ಯಾರೂ ಮಾಡಿಟ್ಟಿಲ್ಲ. ಅದೂ 32 ಬಿಟ್ಟಿನದು, ಒಂದೇ ಸಂಪರ್ಕದಲ್ಲಿ 4 ಜಿಬಿ ಹೋದ ಮೇಲೆ ಸುತ್ತು ಖಂಡಿತ ಬರುತ್ತದೆ. 100 ಎಂಬಿಪಿಎಸ್ ಲೈನಿನಲ್ಲಿ ಇದಕ್ಕೆ ಹತ್ತಿರ ಹತ್ತಿರ 5 ನಿಮಿಷ 45 ಸೆಕೆಂಡ್ ಬೇಕು. ಎಲ್ಲರೂ 60 ಸೆಕೆಂಡಿನ ಪರೀಕ್ಷೆಯನ್ನೇ ಮಾಡಿ ‘ಚೆನ್ನಾಗಿದೆ’ ಎಂದರೆ ಈ ಸುತ್ತನ್ನು ಬೇಕೆಂದೇ ದಾಟಿ ನೋಡಿದವರು ಯಾರೂ ಇರುವುದಿಲ್ಲ.

ಇಷ್ಟಾದರೂ ಮೇಜಿನ ಮೇಲೆ ಸಿಕ್ಕದ ತಪ್ಪುಗಳಿರುತ್ತವೆ. ನೆಟ್‌ಎಮ್ ನೀವು ಹೇಳಿದಷ್ಟನ್ನೇ ಕೆಡಿಸುತ್ತದೆ. ಹೊರಗಿನ ಜಾಲ ನಿಮಗೆ ಹೊಳೆಯದ ರೀತಿಯಲ್ಲೂ ಕೆಡಿಸುತ್ತದೆ.

ಒಂದು ಹಳೆಯ ಉದಾಹರಣೆಯನ್ನು ಹತ್ತಿರದಿಂದ ನೋಡಿ. ಲಿನಕ್ಸಿನಲ್ಲಿ ಟಿಸಿಪಿ ಟಿಡಬ್ಲ್ಯೂ ರಿಸೈಕಲ್ ಎಂಬ ಆಯ್ಕೆ ಇತ್ತು. ಮುಗಿದ ಸಂಪರ್ಕಗಳನ್ನು ಬೇಗ ವಿಲೇವಾರಿ ಮಾಡುವುದು ಅದರ ಉದ್ದೇಶ. ಅದಕ್ಕಾಗಿ ಸರ್ವರ್ ಪ್ರತಿ ಐಪಿ ವಿಳಾಸದಿಂದ ಕೊನೆಗೆ ಬಂದ ಟೈಮ್‌ಸ್ಟಾಂಪನ್ನು, ಅಂದರೆ ಕಳಿಸಿದ ಯಂತ್ರ ಆನ್ ಆದಾಗಿನಿಂದ ಏರುವ ಸಮಯದ ಎಣಿಕೆಯನ್ನು, ನೆನಪಿಟ್ಟುಕೊಳ್ಳುತ್ತಿತ್ತು. 60 ಸೆಕೆಂಡಿನೊಳಗೆ ಅದೇ ವಿಳಾಸದಿಂದ ಅದಕ್ಕಿಂತ ಹಿಂದಿನ ಟೈಮ್‌ಸ್ಟಾಂಪ್ ಇರುವ, ಸಂಪರ್ಕ ಶುರುಮಾಡುವ ಸಿನ್ ಪ್ಯಾಕೆಟ್ ಬಂದರೆ ಸದ್ದಿಲ್ಲದೆ ಎಸೆಯುತ್ತಿತ್ತು. ಒಂದು ವಿಳಾಸಕ್ಕೆ ಒಂದೇ ಯಂತ್ರ ಇರುವ ಲ್ಯಾಬಿನಲ್ಲಿ ಇದು ಸರಿ. ಈಗ ಮುಂಬೈ ಬಳಿಯ ಡೊಂಬಿವಲಿಯ ಒಂದು ಬಿಲ್ಡಿಂಗ್ ತೆಗೆದುಕೊಳ್ಳಿ. ಇಡೀ ಬಿಲ್ಡಿಂಗಿಗೆ ಕೇಬಲ್‌ವಾಲಾನ ಒಂದೇ ಹೊರವಿಳಾಸ, ಒಳಗೆ 40 ಮನೆ. 10 ದಿನದಿಂದ ಆನ್ ಇರುವ ಲ್ಯಾಪ್‌ಟಾಪಿನ ಟೈಮ್‌ಸ್ಟಾಂಪ್ ದೊಡ್ಡದು, ಬೆಳಿಗ್ಗೆ ರೀಸ್ಟಾರ್ಟ್ ಮಾಡಿದ ಫೋನಿನದು ಚಿಕ್ಕದು. ಲ್ಯಾಪ್‌ಟಾಪ್ ಆಗಷ್ಟೇ ನೋಡಿದ ಸೈಟನ್ನು ಫೋನ್ ತೆರೆಯಲು ಹೋದರೆ ತೆರೆಯುವುದಿಲ್ಲ. ಒಂದು ನಿಮಿಷ ಬಿಟ್ಟು ನೋಡಿದರೆ ತೆರೆಯುತ್ತದೆ. ‘ನೆಟ್ ಸ್ಲೋ’ ಎಂದು ಜನ ಕೇಬಲ್‌ವಾಲಾನಿಗೆ ಬೈಯುತ್ತಾರೆ, ತಪ್ಪು ದೂರದ ಸರ್ವರಿನ ಒಂದು ಸೆಟ್ಟಿಂಗಿನಲ್ಲಿರುತ್ತದೆ. 4.10ರ ಕರ್ನಲ್ಲಿನಲ್ಲಿ ಟೈಮ್‌ಸ್ಟಾಂಪಿನ ಆರಂಭವನ್ನು ಪ್ರತಿ ಸಂಪರ್ಕಕ್ಕೂ ಬೇರೆ ಮಾಡಿದ ಮೇಲೆ ಈ ಆಯ್ಕೆಗೆ ಅರ್ಥವೇ ಉಳಿಯಲಿಲ್ಲ, 2017ರಲ್ಲಿ 4.12ರಿಂದ ಅದನ್ನು ತೆಗೆದೇಹಾಕಿದರು.

ಇಸಿಎನ್ ಕಥೆಯೂ ಇದೇ ಜಾತಿಯದು. ದಟ್ಟಣೆಯಾದಾಗ ಪ್ಯಾಕೆಟ್ ಬೀಳಿಸುವ ಬದಲು ಅದರ ಮೇಲೊಂದು ಗುರುತು ಹಾಕುವ ಒಳ್ಳೆಯ ವಿಚಾರ, 2001ರಲ್ಲಿ ಆರ್‌ಎಫ್‌ಸಿ 3168 ಎಂಬ ಇಂಟರ್ನೆಟ್ ಮಾನದಂಡವಾಗಿ ಬಂತು. ಅದೇ ವರ್ಷದ ಜನವರಿಯಲ್ಲಿ ಬಂದ ಲಿನಕ್ಸ್ 2.4ರಲ್ಲಿ ಅದನ್ನು ಆನ್ ಮಾಡಿದವರಿಗೆ ಎಷ್ಟೋ ಸೈಟುಗಳು ತೆರೆಯುವುದೇ ನಿಂತಿತು. ನಡುವಿನ ಫೈರ್‌ವಾಲ್‌ಗಳು ಪರಿಚಯವಿಲ್ಲದ ಬಿಟ್ ಕಂಡು ಸಿನ್ ಪ್ಯಾಕೆಟ್ ಎಸೆಯುತ್ತಿದ್ದವು, ಇಲ್ಲವೇ ಸಂಪರ್ಕ ಕಡಿಯುವ ರಿಸೆಟ್ ಕಳಿಸುತ್ತಿದ್ದವು. ಅದರ ಪೆಟ್ಟು ಈಗಲೂ ಕಾಣುತ್ತದೆ: ಲಿನಕ್ಸಿನಲ್ಲಿ ಇಸಿಎನ್ ಸೆಟ್ಟಿಂಗ್ ಬಹುಕಾಲ 2ರಲ್ಲೇ ಕೂತಿತು. ಅಂದರೆ ಎದುರಿನವರು ಕೇಳಿದರೆ ಒಪ್ಪುತ್ತೇನೆ, ನಾನಾಗಿ ಕೇಳುವುದಿಲ್ಲ.

ಹುಡುಕಬೇಕಾದದ್ದು ಲೈನುಗಳನ್ನು

ಹಾಗಾಗಿ ಪರೀಕ್ಷಕರನ್ನು ಆರಿಸುವಾಗ ಅವರ ಜಾಣ್ಮೆಗಿಂತ ಅವರ ಮನೆಗೆ ಬಂದಿರುವ ತಂತಿ ಮುಖ್ಯ. ಪುಣೆಯ ಹಿಂಜವಡಿಯ ಒಂದೇ ಸೊಸೈಟಿಯಲ್ಲಿ ಒಂದೇ ಫೈಬರ್ ಬಳಸುವ 20 ಇಂಜಿನಿಯರುಗಳು ಲೆಕ್ಕಕ್ಕೆ ಒಬ್ಬ ಪರೀಕ್ಷಕನಷ್ಟೇ. ಗೋವಾದ ವಾಸ್ಕೋದಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಬದುಕುವ ಒಬ್ಬ ವಿದ್ಯಾರ್ಥಿ ಬಂದರೆ ಅವರು ಎರಡನೆಯವರಾಗುತ್ತಾರೆ.

ಮುಂಬೈ, ಪುಣೆ, ಗೋವಾ ಭಾಗದಲ್ಲಿ ಸಿಗುವ ಲೈನುಗಳ ಬಗೆ ಕಡಿಮೆಯೇನಿಲ್ಲ. ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಹಾಕಿದ ಫೈಬರ್ ಇದೆ; ಅದರಲ್ಲಿ 1500 ಬೈಟಿನ ಚೌಕಟ್ಟಿನಿಂದ 8 ಬೈಟ್ ಹೋಗಿ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರವಾದ ಎಮ್‌ಟಿಯು 1492 ಆಗುತ್ತದೆ, ಐಪಿವಿ4 ಟಿಸಿಪಿಗೆ ಉಳಿಯುವುದು 1452. ದಾರಿಯಲ್ಲಿ ಯಾರಾದರೂ ತೊಂದರೆ ತಿಳಿಸುವ ಐಸಿಎಮ್‌ಪಿ ಸಂದೇಶ ತಡೆದಿದ್ದರೆ ‘ಪ್ಯಾಕೆಟ್ ದೊಡ್ಡದಾಯಿತು’ ಎಂಬ ಮಾತು ಹಿಂದಕ್ಕೆ ಬರುವುದಿಲ್ಲ: ಲಾಗಿನ್ ಆಗುತ್ತದೆ, ಚಿಕ್ಕ ಪುಟ ತೆರೆಯುತ್ತದೆ, ದೊಡ್ಡ ಫೈಲ್ ಹತ್ತಿಸಲು ಹೋದರೆ ಅಲ್ಲೇ ಕೂತುಬಿಡುತ್ತದೆ. ಚಾವಣಿಯಿಂದ ಚಾವಣಿಗೆ ಈಥರ್ನೆಟ್ ಎಳೆದ ಕೇಬಲ್‌ವಾಲಾನ ಲೈನ್ ಇದೆ. ಆಪರೇಟರೇ ನ್ಯಾಟ್ ಮಾಡುವ, ಅಂದರೆ ಹಲವು ಗ್ರಾಹಕರಿಗೆ ಒಂದೇ ಹೊರವಿಳಾಸ ಹಂಚುವ ಲೈನುಗಳಿವೆ. ರೂಟರಿನ ವ್ಯಾನ್ ಪುಟದಲ್ಲಿ ವಿಳಾಸ 100.64ರಿಂದ 100.127ರ ನಡುವೆ ಶುರುವಾದರೆ ನಿಮ್ಮದು ಅದೇ. ಕೆಲವು ಮೊಬೈಲ್ ಜಾಲಗಳಲ್ಲಿ ಒಳಗೆಲ್ಲ ಹೊಸ ವಿಳಾಸ ಪದ್ಧತಿಯಾದ ಐಪಿವಿ6, ಹಳೆಯ ಐಪಿವಿ4 ಬರೀ ಅನುವಾದ; ಅನುವಾದವಾದಾಗ ಪ್ಯಾಕೆಟ್ 20 ಬೈಟ್ ಉಬ್ಬುತ್ತದೆ.

ಮುಂಬೈ ಕನ್ನಡಿಗರಲ್ಲಿ ಇನ್ನೊಂದು ಅನುಕೂಲ ಇದೆ, ಅದನ್ನು ಯಾರೂ ಬಳಸಿಕೊಳ್ಳುವುದಿಲ್ಲ. ಮಾಟುಂಗಾ, ಭಾಂಡುಪ್, ಕುರ್ಲಾಗಳಲ್ಲಿರುವ ಎಷ್ಟೋ ಮನೆಗಳಿಗೆ ಉಡುಪಿ, ಕುಂದಾಪುರದ ಕಡೆ ಇನ್ನೊಂದು ಮನೆ ಇರುತ್ತದೆ, ಅಲ್ಲೂ ಈಗ ಇಂಟರ್ನೆಟ್ ಇರುತ್ತದೆ. ನೆಟ್‌ವರ್ಕ್ ಪರೀಕ್ಷೆಗೆ ಎರಡು ತುದಿ ಬೇಕು. ಒಂದು ತುದಿ ಡೇಟಾ ಸೆಂಟರಿನ ಸರ್ವರ್ ಆಗಿದ್ದರೆ ಅರ್ಧ ಸತ್ಯವಷ್ಟೇ ತಿಳಿಯುತ್ತದೆ. ಎರಡೂ ತುದಿ ಮನೆಯೇ ಆಗಿ, ಎರಡೂ ಕಡೆ ನ್ಯಾಟ್ ಇದ್ದು, ಊರಿನ ತುದಿಯಲ್ಲಿ ಮಳೆಗಾಲದಲ್ಲಿ ದಿನಕ್ಕೆ ಮೂರು ಸಲ ಕರೆಂಟ್ ಹೋದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಸಂಪರ್ಕದ ನಡುವೆ ತುದಿ ಮಾಯವಾದಾಗ ಕರ್ನಲ್ ಏನು ಮಾಡುತ್ತದೆ ಎಂಬುದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾ ಮತ್ತು ಕರಾವಳಿಯ ವಿದ್ಯುತ್ತು ಬಿಟ್ಟಿಯಾಗಿ ತೋರಿಸಿಕೊಡುತ್ತದೆ.

ಲೈನಿನಷ್ಟೇ ಯಂತ್ರವೂ ಮುಖ್ಯವಾಗುವ ತಪ್ಪುಗಳಿವೆ. ಪ್ಯಾಕೆಟ್ಟಿನ ತಲೆಬರಹವಾದ ಈಥರ್ನೆಟ್ ಹೆಡರ್ 14 ಬೈಟ್. 14ನ್ನು 4ರಿಂದ ಭಾಗಿಸಿದರೆ 2 ಉಳಿಯುತ್ತದೆ, ಹಾಗಾಗಿ ಅದರ ಹಿಂದಿನ ಐಪಿ ಹೆಡರ್ 4 ಬೈಟಿನ ಗಡಿಯಲ್ಲಿ ಕೂರುವುದಿಲ್ಲ. ಎಕ್ಸ್86 ಯಂತ್ರ, ಅಂದರೆ ಸಾಮಾನ್ಯ ಲ್ಯಾಪ್‌ಟಾಪ್, ಇದನ್ನು ಗಮನಿಸುವುದೂ ಇಲ್ಲ. ಹಳೆಯ ಮಿಪ್ಸ್ ಪ್ರೊಸೆಸರಿನ ರೂಟರಿನಲ್ಲಿ ಅದೇ ಓದು ಟ್ರ್ಯಾಪ್ ಆಗುತ್ತದೆ, ಪ್ರತಿ ಪ್ಯಾಕೆಟ್ಟಿಗೂ ಕರ್ನಲ್ ತಡವರಿಸಿ ವೇಗ ನೆಲಕಚ್ಚುತ್ತದೆ. ಇದನ್ನು ತಪ್ಪಿಸಲೆಂದೇ ಡ್ರೈವರ್‌ಗಳು ಬಫರಿನ ಆರಂಭದಲ್ಲಿ 2 ಬೈಟ್ ಜಾಗ ಬಿಡುತ್ತವೆ. ನಿಮ್ಮ ಪ್ಯಾಚ್ ಆ 2 ಬೈಟನ್ನು ತಿಂದುಹಾಕಿದರೆ ಲ್ಯಾಪ್‌ಟಾಪಿನಲ್ಲಿ ಜನ್ಮದಲ್ಲಿ ತಿಳಿಯುವುದಿಲ್ಲ. ಬೈಟ್ ಕ್ರಮದ ತಪ್ಪು ಇದಕ್ಕೆ ಉಲ್ಟಾ: ಪೋರ್ಟ್ 80 ಬರೆಯುವಾಗ ಬೈಟ್ ತಿರುಗಿಸಲು ಮರೆತರೆ ಇಂಟೆಲ್ ಯಂತ್ರದಲ್ಲಿ ಅದು 20480 ಆಗಿ ಕೂಡಲೇ ಸಿಕ್ಕಿಬೀಳುತ್ತದೆ, ದೊಡ್ಡ ಬೈಟ್ ಮೊದಲಿಡುವ ಬಿಗ್ ಎಂಡಿಯನ್ ಯಂತ್ರದಲ್ಲಿ ಸರಿಯಾಗೇ ನಡೆಯುತ್ತದೆ.

ಲೈನು, ಯಂತ್ರ ಎರಡನ್ನೂ ಒಟ್ಟಿಗೆ ಬದಲಿಸಿದರೆ ಕಷ್ಟ. ತಪ್ಪು ಲೈನಿನದೋ ಯಂತ್ರದ್ದೋ ಬಿಡಿಸಲಾಗದು. 2011ರ ಹೊತ್ತಿಗೆ ಸರದಿ ಉದ್ದವಾಗಿ ಪ್ಯಾಕೆಟ್ ತಡವಾಗುವ ಬಫರ್‌ಬ್ಲೋಟ್ ತೊಂದರೆಯ ವಿರುದ್ಧ ಶುರುವಾದ ಸೆರೊಡಬ್ಲ್ಯೂಆರ್‌ಟಿ ಎಂಬ ರೂಟರ್ ತಂತ್ರಾಂಶದ ಯೋಜನೆಯಲ್ಲಿ ಡೇವ್ ಟಾಟ್ ಮತ್ತು ಸಂಗಡಿಗರು ಇದಕ್ಕೊಂದು ಒಳ್ಳೆಯ ಉತ್ತರ ಕಂಡುಕೊಂಡರು. ಪರೀಕ್ಷಕರೆಲ್ಲ ಒಂದೇ ರೂಟರ್ ಕುಟುಂಬವನ್ನು ಬಳಸಿದರು, ನೆಟ್‌ಗಿಯರ್ 3700ರ ಎರಡನೆಯ ಆವೃತ್ತಿ ಮತ್ತು 3800. ಯಂತ್ರ ಒಂದೇ, ಮನೆಯ ಲೈನುಗಳು ಬೇರೆ ಬೇರೆ. ಫಲಿತಾಂಶದಲ್ಲಿ ವ್ಯತ್ಯಾಸ ಕಂಡರೆ ಅದು ಲೈನಿನದು. ಅಲ್ಲಿ ಪಳಗಿದ ಎಫ್‌ಕ್ಯೂ-ಕೋಡೆಲ್ ಎಂಬ ಸರದಿ ವಿಧಾನ 2012ರಲ್ಲಿ ಲಿನಕ್ಸ್ 3.5ಕ್ಕೆ ಸೇರಿತು, ಇಂದು ಅನೇಕ ಲಿನಕ್ಸ್ ಡಿಸ್ಟ್ರೋಗಳಲ್ಲಿ ಮೊದಲಿಂದಲೇ ಆನ್ ಆಗಿರುವ ಸರದಿ ಅದೇ.

ಎಷ್ಟು ಜನ ಸಾಕು? ಸಂಖ್ಯಾಶಾಸ್ತ್ರದಲ್ಲಿ ‘ಮೂರರ ನಿಯಮ’ ಎಂಬ ಅಡ್ಡದಾರಿ ಲೆಕ್ಕವಿದೆ. ಎನ್ ಜನ ಪರೀಕ್ಷಿಸಿ ಒಬ್ಬರಿಗೂ ತೊಂದರೆ ಬರದಿದ್ದರೆ, ನಿಜವಾದ ತೊಂದರೆಯ ಪ್ರಮಾಣ ಎನ್‌ನಲ್ಲಿ ಮೂರಕ್ಕಿಂತ ಕಡಿಮೆ ಎಂದು 95 ಶೇಕಡಾ ಭರವಸೆಯಿಂದ ಹೇಳಬಹುದು. 30 ಜನರಿಗೆ ಏನೂ ಆಗಲಿಲ್ಲವೆಂದರೆ ನೂರರಲ್ಲಿ ಹತ್ತು ಜನರಿಗೆ ಕೆಡುವ ಸಾಧ್ಯತೆ ಇನ್ನೂ ಉಳಿದಿದೆ ಎಂದರ್ಥ. ಅದೂ ಆ 30 ಜನರ ಲೈನು ನಿಜಕ್ಕೂ ಬೇರೆಬೇರೆ ಆಗಿದ್ದರೆ. ‘ಎಲ್ಲ ಕಡೆ ಪರೀಕ್ಷಿಸಲಾಗಿದೆ’ ಎಂದು ಬರೆಯುವ ಮುಂಚೆ ಈ ಲೆಕ್ಕ ನೆನಪಿರಲಿ.

ಹಿಂದಕ್ಕೆ ಬರುವ ದಾರಿ

ಪರೀಕ್ಷಕರು ಬಾರದಿರುವುದಕ್ಕೆ ನಿಜವಾದ ಕಾರಣ ಭಯ, ಅದು ನ್ಯಾಯವಾದ ಭಯ. ಮರಳಿ ಬರುವ ದಾರಿಯನ್ನು ಅವರ ಜಾಣ್ಮೆಗೆ ಬಿಡದೆ ನೀವೇ ಕಟ್ಟಿಕೊಡಬೇಕು.

ಹಳೆಯ ಕರ್ನಲ್ ಬೂಟ್ ಮೆನುವಿನಲ್ಲಿ ಇದ್ದೇ ಇರುತ್ತದೆ, ಅಷ್ಟರಿಂದ ಆಗುವುದಿಲ್ಲ. ಹೊಸದು ಒಂದೇ ಒಂದು ಸಲ ಬೂಟ್ ಆಗಬೇಕು, ಆಮೇಲೆ ಏನೇ ಆದರೂ ತಾನಾಗಿ ಹಳೆಯದೇ ಬರಬೇಕು. ಡೆಬಿಯನ್, ಉಬುಂಟುಗಳಲ್ಲಿ ಬೂಟ್ ಆಗುವ ಕರ್ನಲ್ ಆರಿಸುವ ಗ್ರಬ್‌ನ ಡೀಫಾಲ್ಟನ್ನು ‘ಸೇವ್ಡ್’ ಎಂದು ಬದಲಿಸಿ, ಅಪ್‌ಡೇಟ್-ಗ್ರಬ್ ಓಡಿಸಿ, ಗ್ರಬ್-ರೀಬೂಟ್‌ಗೆ ಹೊಸ ಕರ್ನಲ್ಲಿನ ಹೆಸರು ಕೊಟ್ಟರೆ ಇದಾಗುತ್ತದೆ. ಫೆಡೋರಾದಲ್ಲಿ ಅದೇ ಆಜ್ಞೆಯ ಹೆಸರಿನಲ್ಲಿ ಗ್ರಬ್ ಮುಂದೆ 2 ಸೇರುತ್ತದೆ. ಇಲ್ಲೊಂದು ಗುಂಡಿ ಇದೆ. ಬೂಟ್ ಆಗುವಾಗ ಗ್ರಬ್ ತನ್ನ ‘ಒಂದು ಸಲ’ದ ಚೀಟಿಯನ್ನು ಅಳಿಸಬೇಕು; ಬೂಟ್ ಡೈರೆಕ್ಟರಿ ಎಲ್‌ವಿಎಮ್, ಸಾಫ್ಟ್‌ವೇರ್ ರೇಡ್ ಅಥವಾ ಬಿಟಿಆರ್‌ಎಫ್‌ಎಸ್ ಎಂಬ ಡಿಸ್ಕ್ ವ್ಯವಸ್ಥೆಗಳ ಮೇಲಿದ್ದರೆ ಅದಕ್ಕೆ ಸಾಮಾನ್ಯವಾಗಿ ಬರೆಯಲಾಗುವುದಿಲ್ಲ. ಚೀಟಿ ಹಾಗೇ ಉಳಿದು ಕೆಟ್ಟ ಕರ್ನಲ್ಲೇ ಮತ್ತೆ ಮತ್ತೆ ಬೂಟ್ ಆಗುತ್ತದೆ. ಹಾಗಾಗಿ ನೋಂದಣಿಯಲ್ಲೇ ‘ಬೂಟ್ ಯಾವ ಫೈಲ್‌ಸಿಸ್ಟಮ್ ಮೇಲಿದೆ?’ ಎಂದು ಕೇಳಬೇಕು. ಲಿನಕ್ಸಿನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿಯಲ್ಲಿ ಈ ಕೆಲಸ ಚೊಕ್ಕ: ನೆಕ್ಸ್ಟ್‌ಬೂಟ್ ಇದೆ, ಝಡ್‌ಎಫ್‌ಎಸ್ ಫೈಲ್‌ಸಿಸ್ಟಮ್ ಇದ್ದರೆ ಬಿಇಸಿಟಿಎಲ್‌ನಲ್ಲಿ ತಾತ್ಕಾಲಿಕ ಆಕ್ಟಿವೇಟ್ ಇದೆ.

ಕರ್ನಲ್ಲಿನ ಬೂಟ್ ಆಯ್ಕೆಗಳ ಸಾಲಿಗೆ ‘ಪ್ಯಾನಿಕ್ ಸಮ 10’ ಸೇರಿಸಿದರೆ ಪ್ಯಾನಿಕ್ ಆದ, ಅಂದರೆ ಕರ್ನಲ್ ಕೈಚೆಲ್ಲಿದ 10 ಸೆಕೆಂಡಿಗೆ ಯಂತ್ರ ತಾನೇ ರೀಬೂಟ್ ಆಗುತ್ತದೆ, ಅಂದರೆ ಹಳೆಯದಕ್ಕೆ ಮರಳುತ್ತದೆ. ಊಪ್ಸ್ ಎಂಬ, ಪ್ಯಾನಿಕ್‌ಗಿಂತ ಕಡಿಮೆ ತಪ್ಪಾದಾಗ ಮಾತ್ರ ಕರ್ನಲ್ ಕುಂಟುತ್ತಾ ಮುಂದುವರಿಯುತ್ತದೆ, ಅದನ್ನೂ ಪ್ಯಾನಿಕ್ ಎಂದೇ ಎಣಿಸುವಂತೆ ಇನ್ನೊಂದು ಆಯ್ಕೆ ಇದೆ, ಹಾಕಿ. ಪೂರ್ತಿ ಹ್ಯಾಂಗ್ ಆದರೆ ಯಂತ್ರವನ್ನು ತಾನೇ ರೀಬೂಟ್ ಮಾಡುವ ಹಾರ್ಡ್‌ವೇರ್ ವಾಚ್‌ಡಾಗ್ ಬೇಕು.

ಇವೆಲ್ಲಕ್ಕಿಂತ ಹೆಚ್ಚಾಗಿ ಬರುವುದು ಬೇರೆ ಸ್ಥಿತಿ. ಯಂತ್ರ ಚೆನ್ನಾಗಿದೆ, ಮೌಸ್ ಓಡುತ್ತದೆ, ನೆಟ್ ಮಾತ್ರ ಸತ್ತಿದೆ. ಪ್ಯಾನಿಕ್ ಇಲ್ಲ, ವಾಚ್‌ಡಾಗ್ ಸುಮ್ಮನಿದೆ. ಯಂತ್ರದ ಮುಂದೆ ಯಾರೂ ಇಲ್ಲದಿದ್ದರೆ, ಉದಾಹರಣೆಗೆ ಅದು ಊರಿನ ಮನೆಯಲ್ಲಿದ್ದರೆ, ಅಲ್ಲಿಗೇ ಮುಗಿಯಿತು. ಇದಕ್ಕೆ ಒಂದು ಹತ್ತು ಸಾಲಿನ ಸ್ಕ್ರಿಪ್ಟ್ ಸಾಕು: ಪ್ರತಿ ನಿಮಿಷ ಗೇಟ್‌ವೇ ಆದ ಮನೆಯ ರೂಟರಿಗೂ ಹೊರಗಿನ ಒಂದು ವಿಳಾಸಕ್ಕೂ ಪಿಂಗ್ ಮಾಡು, ಗೇಟ್‌ವೇ ಐದು ಸಲ ಸತತ ಉತ್ತರಿಸದಿದ್ದರೆ ಲಾಗ್ ಡಿಸ್ಕಿಗೆ ಬರೆದು ರೀಬೂಟ್ ಆಗು. ಎರಡು ವಿಳಾಸ ಏಕೆಂದರೆ, ಹೊರಗಿನದು ಮಾತ್ರ ಸತ್ತಿದ್ದರೆ ತಪ್ಪು ಬಹುಶಃ ಫೈಬರ್ ಕಡಿತದ್ದು. ಅದಕ್ಕೆಲ್ಲ ರೀಬೂಟ್ ಆಗುತ್ತಾ ಕೂತರೆ ಪರೀಕ್ಷೆ ನಡೆಯುವುದಿಲ್ಲ. ಇನ್ವರ್ಟರ್ ಇದ್ದರೆ ರೂಟರಿಗೂ ಯಂತ್ರಕ್ಕೂ ಒಂದೇ ಇರಲಿ. ರೂಟರ್ ಮಾತ್ರ ಆರಿದರೆ ಸ್ಕ್ರಿಪ್ಟ್ ಪಾಪದ ಕರ್ನಲ್ಲಿಗೆ ಶಿಕ್ಷೆ ಕೊಡುತ್ತದೆ.

ಸತ್ತ ಯಂತ್ರದ ಕೊನೆಯ ಮಾತು ಹಿಡಿಯುವುದು ಹೇಗೆ? ಕರ್ನಲ್ಲಿನ ನೆಟ್‌ಕನ್ಸೋಲ್ ಲಾಗನ್ನು ಯುಡಿಪಿ ಎಂಬ ಸರಳ ವಿಧಾನದಲ್ಲಿ ಪಕ್ಕದ ಯಂತ್ರಕ್ಕೆ ಕಳಿಸುತ್ತದೆ. ಮೇಲಿನ ಟಿಸಿಪಿ ಪದರದ ಪ್ಯಾಚಿಗೆ ಅದು ಸಾಕು, ಏಕೆಂದರೆ ಅದು ನೆಟ್‌ವರ್ಕ್ ಪದರಗಳ ಸ್ಟ್ಯಾಕನ್ನು ಬದಿಗಿಟ್ಟು ನೇರ ಡ್ರೈವರ್‌ಗೆ ಹೋಗುತ್ತದೆ. ಪರೀಕ್ಷೆ ಡ್ರೈವರಿನದೇ ಆದರೆ ಕಳ್ಳನ ಕೈಯಲ್ಲಿ ಬೀಗದ ಕೈ ಕೊಟ್ಟಂತೆ. ಆಗ ಸೀರಿಯಲ್ ಕೇಬಲ್ಲೇ ಗತಿ. ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲೋ ಪುಣೆಯ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲೋ ಯುಎಸ್‌ಬಿ ಟಿಟಿಎಲ್ ಸೀರಿಯಲ್ ಅಡಾಪ್ಟರ್ ಕೇಳಿದರೆ ಕೆಲವು ನೂರು ರೂಪಾಯಿಯೊಳಗೆ ಕೊಡುತ್ತಾರೆ, 3.3 ವೋಲ್ಟಿನದೇ ಬೇಕೆಂದು ಹೇಳಿ, 5 ವೋಲ್ಟಿನದು ರೂಟರ್ ಬೋರ್ಡಿನ ಪಿನ್ನನ್ನು ಸುಟ್ಟೀತು. ಮೂರೇ ತಂತಿ: ಗ್ರೌಂಡಿಗೆ ಗ್ರೌಂಡ್, ಇದರ ಕಳಿಸುವ ಪಿನ್ ಟಿಎಕ್ಸ್ ಅದರ ಪಡೆಯುವ ಪಿನ್ ಆರ್‌ಎಕ್ಸಿಗೆ, ಅದರ ಟಿಎಕ್ಸ್ ಇದರ ಆರ್‌ಎಕ್ಸಿಗೆ. ಕೆಂಪು ವಿದ್ಯುತ್ ತಂತಿ ಮುಟ್ಟಬೇಡಿ. ವೇಗ ಸಾಮಾನ್ಯವಾಗಿ ಸೆಕೆಂಡಿಗೆ 115200 ಬಿಟ್. ಲ್ಯಾಪ್‌ಟಾಪಿಗೆ ಸೀರಿಯಲ್ ಇಲ್ಲದಿದ್ದರೆ ಪರದೆಯ ಫೋಟೊ. ಮುಖ್ಯ ಸಾಲುಗಳು ಮೇಲಕ್ಕೆ ಸರಿದುಹೋಗುವುದರಿಂದ ವಿಡಿಯೊ ಇನ್ನೂ ವಾಸಿ. ಲಿನಕ್ಸ್ 6.12ರಿಂದೀಚೆಗೆ ಬೆಂಬಲವಿರುವ ಗ್ರಾಫಿಕ್ಸ್ ಡ್ರೈವರುಗಳಲ್ಲಿ ಪ್ಯಾನಿಕ್ ಪರದೆಯೇ ಕ್ಯೂಆರ್ ಕೋಡ್ ತೋರಿಸುವಂತೆ ಮಾಡಬಹುದು. ನೆಟ್ ಇಲ್ಲದ ಯಂತ್ರದಿಂದ ಫೋನಿಗೆ ಲಾಗ್ ದಾಟಿಸಲು ಅದಕ್ಕಿಂತ ಸಲೀಸು ದಾರಿ ಇಲ್ಲ.

ಕರ್ನಲ್ ಕಟ್ಟುವುದನ್ನು ಪರೀಕ್ಷಕರಿಗೆ ಬಿಡಬೇಡಿ, ಸಿದ್ಧ ಪ್ಯಾಕೇಜ್ ಕೊಡಿ. ಕಟ್ಟುವಾಗ ಎರಡು ತಪ್ಪು ಪದೇ ಪದೇ ಆಗುತ್ತವೆ. ಕರ್ನಲ್ಲಿಗೆ ಬೇಕೆಂದಾಗ ಸೇರುವ ತುಂಡುಗಳಾದ ಮಾಡ್ಯೂಲ್‌ಗಳ ಡಿಬಗ್ ಮಾಹಿತಿ ತೆಗೆಯದೆ ಇನ್‌ಸ್ಟಾಲ್ ಮಾಡಿದರೆ, ಬೂಟಿನ ಆರಂಭಕ್ಕೆ ಬೇಕಾದ ಇನಿಟ್‌ರ್ಯಾಮ್‌ಎಫ್‌ಎಸ್ ಕಡತ ನೂರಾರು ಎಂಬಿ ಆಗಿ, 512 ಎಂಬಿಯ ಬೂಟ್ ಪಾರ್ಟಿಷನ್ ತುಂಬಿ, ಅರ್ಧ ಬರೆದ ಕಡತದಿಂದ ಬೂಟ್ ನಿಲ್ಲುತ್ತದೆ. ಇನ್ನೊಂದು, ಬೇಗ ಮುಗಿಯಲೆಂದು ‘ಲೋಕಲ್‌ಮಾಡ್‌ಕಾನ್ಫಿಗ್’ ಬಳಸುವುದು. ಅದು ಆ ಹೊತ್ತಿಗೆ ನಿಮ್ಮ ಯಂತ್ರದಲ್ಲಿ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ಮಾತ್ರ ಕಟ್ಟುತ್ತದೆ. ಪರೀಕ್ಷಕರು ನೆಟ್ ಹೋಯಿತೆಂದು ಫೋನನ್ನು ಯುಎಸ್‌ಬಿಯಿಂದ ಸಿಕ್ಕಿಸಿ ಟೆದರಿಂಗ್ ಮಾಡಲು ನೋಡಿದರೆ ಅದರ ಡ್ರೈವರೇ ಇರುವುದಿಲ್ಲ. ಇದ್ದ ಒಂದು ಪಾರುಗಾಣುವ ದಾರಿಯೂ ಹೋಯಿತು.

ಸಹಿಯಿಲ್ಲದ ಕರ್ನಲ್ಲನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ನಿಮ್ಮ ಕರ್ನಲ್ ಬೂಟ್ ಆಗದು. ಆಫೀಸಿನ ಲ್ಯಾಪ್‌ಟಾಪ್ ಬೇಡವೇ ಬೇಡ, ಎಷ್ಟೇ ಆಪ್ತರು ಕೊಟ್ಟರೂ.

ಕರೆಯನ್ನು ಹೀಗೆ ಬರೆಯಬಹುದು

“ಟಿಸಿಪಿ ಕಳುಹಿಸುವ ವೇಗ ನಿರ್ಧರಿಸುವ ಭಾಗದಲ್ಲಿ ಒಂದು ಬದಲಾವಣೆ ಮಾಡಿದ್ದೇವೆ. ಪಿಪಿಪಿಒಇ ಲೈನಿನಲ್ಲಿ ಅಪ್‌ಲೋಡ್ ನಡೆಯುವಾಗ ಪಿಂಗ್ ಎಷ್ಟು ಏರುತ್ತದೆ ಎಂಬುದೊಂದೇ ನಮಗೆ ಬೇಕು. ಉಬುಂಟು 24.04 ಇರುವ, ಆಫೀಸಿನದಲ್ಲದ, ರೂಟರಿಗೆ ತಂತಿಯಿಂದ ಸೇರಿಸಬಹುದಾದ ಯಂತ್ರ ಬೇಕು. ಮೊದಲ ದಿನ 40 ನಿಮಿಷ, ಆಮೇಲೆ 10 ದಿನ ದಿನಕ್ಕೆ 5 ನಿಮಿಷ. 100 ಎಂಬಿಪಿಎಸ್ ಲೈನಿನಲ್ಲಿ ಒಟ್ಟು ಡೇಟಾ ಸುಮಾರು 15 ಜಿಬಿ. ಯಂತ್ರ ಹ್ಯಾಂಗ್ ಆಗಬಹುದು. ಪವರ್ ಬಟನ್ ಒತ್ತಿ ಹಿಡಿದು ಮತ್ತೆ ಆನ್ ಮಾಡಿದರೆ ಹಳೆಯ ಕರ್ನಲ್ ಬರುತ್ತದೆ. ಬ್ಯಾಕಪ್ ಇಲ್ಲದ ಯಂತ್ರ ಬೇಡ. ಏನೂ ಆಗದಿದ್ದರೆ ‘ಏನೂ ಆಗಲಿಲ್ಲ’ ಎಂದೇ ಬರೆಯಿರಿ, ಅದೂ ವರದಿ. ಯಾವ ದಿನ ಬೇಕಾದರೂ ಕಾರಣ ಹೇಳದೆ ಬಿಡಬಹುದು.”

ನೆಟ್‌ವರ್ಕ್ ಕೋಡ್ ಡಿಸ್ಕನ್ನು ಮುಟ್ಟುವುದಿಲ್ಲವಲ್ಲ, ಬ್ಯಾಕಪ್ ಏಕೆ? ಬಳಸಿ ಬಿಟ್ಟುಕೊಟ್ಟ ಪ್ಯಾಕೆಟ್ ಬಫರಿನ ಮೆಮೊರಿಗೆ ನಿಮ್ಮ ಕೋಡ್ ತಪ್ಪಿ ಬರೆದರೆ, ಅಷ್ಟರಲ್ಲಿ ಆ ಜಾಗ ಯಾವುದೋ ಫೈಲಿನ ಪುಟಕ್ಕೆ ಸಿಕ್ಕಿರಬಹುದು. ಕಸ ಮೆಲ್ಲಗೆ ಡಿಸ್ಕಿಗಿಳಿಯುತ್ತದೆ.

15 ಜಿಬಿ ಎಲ್ಲಿಂದ ಬಂತು ಎಂದರೆ, 100 ಎಂಬಿಪಿಎಸ್‌ನಲ್ಲಿ 20 ಸೆಕೆಂಡ್ ಅಪ್‌ಲೋಡ್ 250 ಎಂಬಿ. ದಿನಕ್ಕೆ ನಾಲ್ಕು ಸಲ, 1 ಜಿಬಿ. ಹತ್ತು ದಿನಕ್ಕೆ 10, ಸೀಕ್ವೆನ್ಸ್ ಸುತ್ತು ದಾಟಲು ಒಂದು ಸಲ 4ಕ್ಕಿಂತ ತುಸು ಹೆಚ್ಚು. ತಿಂಗಳಿಗೆ 3.3 ಟಿಬಿ ಕೊಡುವ ಫೈಬರಿಗೆ ಇದು ಲೆಕ್ಕಕ್ಕಿಲ್ಲ, ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಲ್ಯಾನಿಗೆ ದಿನದ ಊಟದ ಮೂರರಲ್ಲಿ ಎರಡು ಪಾಲು. ಮೊಬೈಲ್ ಪರೀಕ್ಷಕರಿಗೆ 5 ಸೆಕೆಂಡಿನ ಬೇರೆ ಪರೀಕ್ಷೆ ಕೊಡಿ, ಇಲ್ಲವೇ ಅವರ ರೀಚಾರ್ಜ್ ನೀವು ಮಾಡಿಸಿ.

ನಾಲ್ಕು ಸಲ ಓಡಿಸುವ ಕ್ರಮವೂ ಮುಖ್ಯ. ಬೆಳಿಗ್ಗೆ ಹಳೆಯದು, ರಾತ್ರಿ ಹೊಸದು ಎಂದು ಅಳೆದರೆ ನೀವು ಅಳೆದದ್ದು ರಾತ್ರಿ 9ರ ಧಾರಾವಾಹಿ ದಟ್ಟಣೆಯನ್ನು. ಒಂದೇ ಕರ್ನಲ್ಲಿನಲ್ಲಿ ಪ್ಯಾಚನ್ನು ಆನ್ ಆಫ್ ಮಾಡುವ ಸ್ವಿಚ್ ಇಟ್ಟು, ಆಫ್, ಆನ್, ಆನ್, ಆಫ್ ಎಂದು ಬೆನ್ನುಬೆನ್ನಿಗೆ ಓಡಿಸಬೇಕು. ಯಾವುದು ಯಾವಾಗ ಎಂಬುದು ಪರೀಕ್ಷಕರಿಗೆ ತಿಳಿಯದಿದ್ದರೆ ಇನ್ನೂ ಒಳ್ಳೆಯದು. ‘ಹೊಸ ಕರ್ನಲ್’ ಎಂದು ಗೊತ್ತಾದ ಕೂಡಲೇ ಎಲ್ಲರಿಗೂ ನೆಟ್ ಫಾಸ್ಟ್ ಅನ್ನಿಸುತ್ತದೆ.

ವರದಿ ಬಂದ ಮೇಲೆ

ಮೊದಲ ವರದಿ ಬಹುಮಟ್ಟಿಗೆ ‘ನೆಟ್ ಸ್ಲೋ ಆಯ್ತು’ ಎಂದೇ ಬರುತ್ತದೆ. ಅದನ್ನು ಹೀಯಾಳಿಸಬೇಡಿ. 2024ರ ಮಾರ್ಚ್‌ನಲ್ಲಿ ಕಡತ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ ಒಳಗಿನ ಹಿಂಬಾಗಿಲು ಸಿಕ್ಕಿದ್ದು, ದೂರದ ಯಂತ್ರಕ್ಕೆ ಮಾಡುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಯಿತೆಂದು ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಅದರ ಬೆನ್ನುಹತ್ತಿದ್ದರಿಂದ. ಕೇಳಬೇಕಾದ ಮೊದಲ ಮರುಪ್ರಶ್ನೆ: ಪ್ಯಾಕೆಟ್‌ಗಳನ್ನು ದೊಡ್ಡ ಕಟ್ಟುಗಳಾಗಿ ಸಾಗಿಸುವ ಟಿಎಸ್‌ಒ, ಜಿಎಸ್‌ಒ, ಜಿಆರ್‌ಒ ಮೂರನ್ನೂ ಇಥ್‌ಟೂಲ್ ಆಜ್ಞೆಯಿಂದ ಆಫ್ ಮಾಡಿದರೆ ಸರಿಹೋಗುತ್ತದೆಯೇ? ಸರಿಹೋದರೆ ಹುಡುಕಾಟದ ಜಾಗ ಹತ್ತರಲ್ಲಿ ಒಂದಾಗುತ್ತದೆ. ಇವು ಆನ್ ಇದ್ದಾಗ, ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್‌ನಲ್ಲಿ 40 ಸಾವಿರ ಬೈಟಿನ ಪ್ಯಾಕೆಟ್ ಕಂಡು ಪರೀಕ್ಷಕರು ಗಾಬರಿಯಾಗುತ್ತಾರೆ. ಕಳಿಸುವ ಪ್ಯಾಕೆಟ್ ಕತ್ತರಿಸುವ ಕೆಲಸ ಆಮೇಲೆ ಕರ್ನಲ್ಲಿನ ಕೊನೆಯ ಹಂತದಲ್ಲೋ ಕಾರ್ಡಿನಲ್ಲೋ ಆಗುತ್ತದೆ ಎಂದು ಮೊದಲೇ ಹೇಳಿಟ್ಟರೆ ಒಂದು ಫೋನ್ ಕರೆ ಉಳಿಯುತ್ತದೆ.

ಹಿಡಿದ ಪ್ಯಾಕೆಟ್‌ಗಳ ಕಡತವನ್ನು ಎಲ್ಲರಿಂದ ಕೇಳಬೇಡಿ. ಎನ್‌ಸ್ಟ್ಯಾಟ್ ಎಣಿಕೆಗಳು, ಎಸ್‌ಎಸ್ ತೋರಿಸುವ ಸಂಪರ್ಕದ ವಿವರ, ಸರದಿಯ ಅಂಕಿಅಂಶ ಹೆಚ್ಚಿನ ಸಲ ಸಾಕು. ಬೇಕೇ ಬೇಕಾದರೆ ಹೆಡರ್ ಮಾತ್ರ ಹಿಡಿಸಿ. ಈಥರ್ನೆಟ್ 14, ಪಿಪಿಪಿಒಇ 8, ಐಪಿವಿ6 40, ಟಿಸಿಪಿ ಹೆಚ್ಚೆಂದರೆ 60, ಒಟ್ಟು 122. ಆದ್ದರಿಂದ 128 ಬೈಟಿಗೆ ಮಿತಿ ಹಾಕಿದರೆ ಹೆಡರ್ ತುಂಡಾಗುವುದಿಲ್ಲ. ಆ 128 ಬೈಟಿನೊಳಗೂ ಸೈಟಿನ ವಿಳಾಸ ಕೇಳುವ ಡಿಎನ್‌ಎಸ್ ಪ್ರಶ್ನೆಯ ಹೆಸರು ಹೆಚ್ಚಿನ ಸಲ ಪೂರ್ತಿ ಕೂರುತ್ತದೆ, ಅಂದರೆ ಆ ಮನೆಯವರು ಯಾವ ಸೈಟ್ ನೋಡಿದರು ಎಂಬುದು ನಿಮ್ಮ ಕೈಗೆ ಬರುತ್ತದೆ. ಪರೀಕ್ಷೆಯ ಪೋರ್ಟ್ ಒಂದನ್ನೇ ಸೋಸಿ ಹಿಡಿಯುವ ಆಜ್ಞೆ ಬರೆದುಕೊಡಿ, ಕಡತವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂದು ಹೇಳಿ, ಹೇಳಿದ ದಿನ ಅಳಿಸಿ.

ದಿನಾಂಕ ಆರಿಸುವಾಗ ಎರಡು ಪಂಚಾಂಗ ನೋಡಬೇಕು. ಲಿನಕ್ಸಿನಲ್ಲಿ ಮುಂದಿನ ಆವೃತ್ತಿಗೆ ಕೋಡ್ ಸೇರಿಸುವ ಮರ್ಜ್ ವಿಂಡೋ ಎರಡು ವಾರ ತೆರೆದಿರುತ್ತದೆ, ಆಗ ನೆಟ್‌ವರ್ಕ್ ಪ್ಯಾಚುಗಳನ್ನು ಕೂಡಿಡುವ ನೆಟ್-ನೆಕ್ಸ್ಟ್ ಹೊಸ ಪ್ಯಾಚ್ ತೆಗೆದುಕೊಳ್ಳುವುದಿಲ್ಲ. ಅದು ಮುಗಿದು ಮೊದಲ ಪರೀಕ್ಷಾ ಆವೃತ್ತಿ ಆರ್‌ಸಿ1 ಬಂದ ಮೇಲೆ ಶುರುಮಾಡಿದರೆ ವರದಿ ಕೈಗೆ ಬರುವ ಹೊತ್ತಿಗೆ ಕಳಿಸಲು ಬಾಗಿಲು ತೆರೆದಿರುತ್ತದೆ. ಇನ್ನೊಂದು ಪಂಚಾಂಗ ಚೌತಿಯದು. ಆ ವಾರ ಮುಂಬೈ, ಪುಣೆ, ಗೋವಾ ಮೂರರಲ್ಲೂ ಯಾರೂ ಯಂತ್ರದ ಮುಂದೆ ಕೂರುವುದಿಲ್ಲ.

ಸೂಚನೆಗಳು ಕನ್ನಡದಲ್ಲಿರಲಿ, ಲಿನಕ್ಸ್ ಕರ್ನಲ್ ತಂಡಕ್ಕೆ ಹೋಗುವ ವರದಿ ಮಾತ್ರ ಸಾದಾ ಪಠ್ಯದ ಇಂಗ್ಲಿಷಿನಲ್ಲಿ. ಪ್ಯಾಚಿನ ಕೆಳಗೆ ‘ಟೆಸ್ಟೆಡ್-ಬೈ’ ಎಂದು ಹೆಸರು ಹಾಕುವ ಮುಂಚೆ ಆ ವ್ಯಕ್ತಿಯ ಸ್ಪಷ್ಟ ಒಪ್ಪಿಗೆ ಬೇಕೆಂಬುದು ಕರ್ನಲ್ಲಿನದೇ ನಿಯಮ. ಹೆಸರೂ ಮೇಲ್ ವಿಳಾಸವೂ ಕೋಡಿನ ಗಿಟ್ ಇತಿಹಾಸದಲ್ಲಿ ಅಳಿಸಲಾಗದಂತೆ ಉಳಿಯುತ್ತವೆ ಎಂಬುದನ್ನೂ ಹೇಳಿ ಕೇಳಿ. ಕೆಲವರಿಗೆ ಅದೇ ಖುಷಿ, ಕೆಲವರಿಗೆ ಬೇಡ.

ಕೊನೆಯ ದಿನದ ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ಪರೀಕ್ಷೆಯ ಕರ್ನಲ್ಲಿಗೆ ಡಿಸ್ಟ್ರೋದಿಂದ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ; ಅದರ ಆವೃತ್ತಿ ಸಂಖ್ಯೆ ದೊಡ್ಡದಾದ್ದರಿಂದ ಮೆನುವಿನಲ್ಲಿ ಮೇಲೇ ಕೂತು, ಗ್ರಬ್ ಡೀಫಾಲ್ಟ್ ಮೊದಲಿನಂತೆ ಮಾಡಿದ ದಿನ ತಾನೇ ಬೂಟ್ ಆಗತೊಡಗುತ್ತದೆ. ಪ್ಯಾಕೇಜ್ ತೆಗೆಯುವ ಆಜ್ಞೆ, ಪಿಂಗ್ ಸ್ಕ್ರಿಪ್ಟ್ ನಿಲ್ಲಿಸುವ ಆಜ್ಞೆ, ಗ್ರಬ್ ಸಾಲನ್ನು ಹಿಂದಿನಂತೆ ಮಾಡುವ ಕ್ರಮ, ಈ ಮೂರನ್ನೂ ಮೊದಲ ದಿನದ ಕಾಗದದಲ್ಲೇ ಬರೆದುಕೊಡಿ. ಹನ್ನೆರಡನೆಯ ದಿನ ಫೋನ್ ಮಾಡಿ, ಓಡುತ್ತಿರುವ ಕರ್ನಲ್ ಯಾವುದೆಂದು ಹೇಳುವ ‘ಯೂನೇಮ್ -ಆರ್’ ಆಜ್ಞೆ ಓಡಿಸಿ ಏನು ಬಂತೆಂದು ಓದಿ ಹೇಳಲು ಕೇಳಿ.